ಕಲ್ಲಿನೊಳಗಿನ ಹರಳು, ಹರಳಿನೊಳಗಿನ ನೀರು: ಮಲೆನಾಡಿನ ಬಂಡೆ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಬಂಡೆಯೊಳಗೆ ನೀರಿದೆ ಅಂದ ಕೂಡಲೇ ನಮಗೆ ನೆನಪಾಗುವುದು ಬೋರ್‌ವೆಲ್. ಅದು ಬಿರುಕಿನಲ್ಲಿ ಓಡಾಡುವ ನೀರು. ಈ ಬರಹದಲ್ಲಿ ಹೇಳುವ ನೀರು ಬೇರೆ. ಅದು ಹರಿಯುವುದಿಲ್ಲ, ಕೈ ಒದ್ದೆ ಮಾಡುವುದಿಲ್ಲ. ಖನಿಜದ ಹರಳು ಕಟ್ಟಿಕೊಳ್ಳುವಾಗಲೇ ಹೈಡ್ರೋಜನ್ ಮತ್ತು ಆಮ್ಲಜನಕದ ಜೋಡಿಯಾಗಿ ಅದರೊಳಗೆ ಸೇರಿಕೊಂಡಿರುತ್ತದೆ. ನೂರಾರು ಡಿಗ್ರಿ ಕಾಯಿಸಿದರೆ ಮಾತ್ರ ಆವಿಯಾಗಿ ಹೊರಗೆ ಬರುತ್ತದೆ.

ಭೂಮಿಯ ಆಳಕ್ಕೆ ಇಳಿಯುವ ಬಂಡೆಗಳಿಗೂ ಹೀಗೇ ಆಗುತ್ತದೆ. ಇಳಿಯುತ್ತಾ ಬಿಸಿಯಾಗುತ್ತವೆ, ಒತ್ತಡಕ್ಕೆ ಸಿಗುತ್ತವೆ, ಹಂತ ಹಂತವಾಗಿ ನೀರು ಬಿಡುತ್ತವೆ. ಬಿಟ್ಟ ನೀರು ಬಹುಪಾಲು ಹೋಗೇ ಬಿಟ್ಟಿತು, ಅದನ್ನು ಹಿಡಿಯುವುದು ಕಷ್ಟ. ಆದರೆ ಒಂದು ದಾರಿಯಿದೆ. ಗಾರ್ನೆಟ್‌ನಂಥ ಗಟ್ಟಿ ಹರಳು ಬೆಳೆಯುವಾಗ ಸುತ್ತ ಇದ್ದ ಸಣ್ಣ ಹರಳುಗಳನ್ನು ನುಂಗಿಕೊಳ್ಳುತ್ತದೆ. ಇವಕ್ಕೆ ಇನ್‌ಕ್ಲೂಷನ್ ಅಂತಾರೆ, ನಾನು ಇಲ್ಲಿ ಒಳಹರಳು ಅನ್ನುತ್ತೇನೆ. ಭರಣಿಯಲ್ಲಿ ಹಾಕಿ ಬಾಯಿ ಕಟ್ಟಿದ ಅಪ್ಪೆಮಿಡಿ ಹೇಗೆ ಉಳಿಯುತ್ತದೋ ಹಾಗೆ ಅವು ಉಳಿಯುತ್ತವೆ. ಹೊರಗಿನ ಬಂಡೆ ಪೂರ್ತಿ ಬದಲಾದರೂ ಒಳಗಿನದು ಹಳೆಯ ಕತೆಯನ್ನೇ ಹೇಳುತ್ತದೆ.

ಹಾಗಾಗಿ ಕೆಲಸದ ಗುಟ್ಟು ಇಷ್ಟೇ: ಗಾರ್ನೆಟ್‌ನ ಒಳಗೆ ಏನಿದೆ, ಹೊರಗೆ ಏನಿಲ್ಲ ಅಂತ ಹೋಲಿಸುವುದು. ಮುಂದಿನ ಎಲ್ಲ ಹಂತಗಳೂ ಈ ಒಂದು ಹೋಲಿಕೆಯನ್ನು ಸರಿಯಾಗಿ ಮಾಡುವುದಕ್ಕೇ ಇರುವುದು.

ಶಿವಮೊಗ್ಗದಲ್ಲಿ ಎಕ್ಲೋಗೈಟ್ ಹುಡುಕಬೇಡಿ

ಬಿಸಿ, ಒತ್ತಡಕ್ಕೆ ಸಿಕ್ಕಿ ಖನಿಜಗಳೇ ಬದಲಾದ ಬಂಡೆಗೆ ರೂಪಾಂತರ ಶಿಲೆ ಅಂತಾರೆ. ಅದರಲ್ಲಿ ಹಾಳೆ ಹಾಳೆಯಾಗಿ ಪದರಗೊಂಡದ್ದು ಶಿಸ್ಟ್. ಅತಿ ಒತ್ತಡದ ರೂಪಾಂತರ ಶಿಲೆ ಅಂದರೆ ಮುಖ್ಯವಾಗಿ ನೀಲಿ ಶಿಸ್ಟ್ ಮತ್ತು ಗಾರ್ನೆಟ್ ತುಂಬಿದ ಎಕ್ಲೋಗೈಟ್. ತಣ್ಣಗಿನ ಸಾಗರ ತಳ ಬೇಗ ಬೇಗ ಆಳಕ್ಕೆ ಇಳಿದ ಕಡೆ ಇವು ಹುಟ್ಟುತ್ತವೆ. ನಮ್ಮದು ಧಾರವಾಡ ಕ್ರೇಟಾನ್, ಅಂದರೆ ಬಹಳ ಹಳೆಯ, ಸ್ಥಿರವಾದ ಭೂಖಂಡದ ತುಂಡು. ಇಲ್ಲಿನ ಶಿಸ್ಟ್ ಪಟ್ಟಿಗಳು ಈಗಿನ ರೂಪಕ್ಕೆ ಬಂದು ಸುಮಾರು 250 ಕೋಟಿ ವರ್ಷಗಳಾದವು. ಆಗ ಭೂಮಿಯ ಒಳಗು ಈಗಿಗಿಂತ ಬಿಸಿ ಇತ್ತು. ತಣ್ಣಗೆ ಆಳಕ್ಕೆ ಇಳಿಯುವ ಅವಕಾಶ ಕಡಿಮೆ. ಜಗತ್ತಿನಲ್ಲಿ ಸಿಕ್ಕಿರುವ ನೀಲಿ ಶಿಸ್ಟ್‌ಗಳು ಹೆಚ್ಚೂಕಡಿಮೆ ಕಳೆದ 80 ಕೋಟಿ ವರ್ಷಗಳ ಒಳಗಿನವೇ.

ಶಿವಮೊಗ್ಗ ಶಿಸ್ಟ್ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುವುದು ಹಸಿರು ಶಿಸ್ಟ್ ದರ್ಜೆಯ, ಅಂದರೆ ಕಡಿಮೆ ಬಿಸಿಯಲ್ಲಿ ಬದಲಾದ ಬಂಡೆ: ಕ್ಲೋರೈಟ್ ಶಿಸ್ಟ್, ಫಿಲ್ಲೈಟ್, ರೂಪಾಂತರಗೊಂಡ ಲಾವಾ, ಕಬ್ಬಿಣದ ಪಟ್ಟೆಕಲ್ಲು. ಧಾರವಾಡ ಕ್ರೇಟಾನಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ರೂಪಾಂತರದ ದರ್ಜೆ ಏರುತ್ತದೆ. ಹಾಸನದ ಕಡೆಯ ಹೊಳೆನರಸೀಪುರ ಪಟ್ಟಿಗೆ ಹೋದರೆ ಗಾರ್ನೆಟ್, ಸ್ಟಾರೊಲೈಟ್, ಕಯನೈಟ್ ಇರುವ ಶಿಸ್ಟ್ ಸಿಗುತ್ತದೆ. ಕಲಿಯುವುದಕ್ಕೆ ಇದು ಸಾಕು. ನೀರು ತುಂಬಿದ ಬಂಡೆ ಶಿವಮೊಗ್ಗದ ಸುತ್ತ, ನೀರು ಬಿಟ್ಟು ಗಾರ್ನೆಟ್ ಆದ ಬಂಡೆ ಹಾಸನದ ಕಡೆ. ಎರಡೂ ಒಂದು ದಿನದ ಪ್ರಯಾಣದೊಳಗೆ. ನಿಜವಾದ ಅತಿ ಒತ್ತಡದ ಬಂಡೆಗೆ ಲಡಾಖಿನಂಥ ಕಡೆಗೆ ಹೋಗಬೇಕು. ಆ ವಿಷಯ ಕೊನೆಯ ಹಂತಗಳಲ್ಲಿ ಬರುತ್ತದೆ. ವಿಧಾನ ಎರಡೂ ಕಡೆ ಒಂದೇ.

ಹಂತ 1: ಹಸಿ ಕಲ್ಲು ಹುಡುಕುವುದು

ಹಸಿ ಕಲ್ಲು ಅಂದರೆ ಒದ್ದೆ ಕಲ್ಲಲ್ಲ, ಕೊಳೆಯದೆ ಗಟ್ಟಿಯಾಗಿ ಉಳಿದ ಕಲ್ಲು. ಮಲೆನಾಡಿನಲ್ಲಿ ಇದೇ ಕಷ್ಟದ ಹಂತ. ಮಳೆ ಜಾಸ್ತಿ, ಬಿಸಿಲೂ ಜಾಸ್ತಿ. ಬಂಡೆ ಮೇಲಿನಿಂದ ಕೊಳೆತು ಜಂಬಿಟ್ಟಿಗೆಯಾಗಿರುತ್ತದೆ. ಅದರ ಕೆಳಗೆ ಎಷ್ಟೋ ಅಡಿ ಮೆತ್ತನೆಯ ಶೇಡಿಮಣ್ಣು. ಕೊಳೆತ ಬಂಡೆಯಲ್ಲಿರುವ ನೀರು ಮಳೆ ಕೊಟ್ಟ ನೀರು, ಆಳದ್ದಲ್ಲ. ಅದನ್ನು ಅಳೆದರೆ ಆಗುಂಬೆಯ ಮಳೆ ಅಳೆದ ಹಾಗೆ, ಬಂಡೆಯ ಇತಿಹಾಸ ಅಲ್ಲ.

ಹಸಿ ಕಲ್ಲು ಸಿಗುವ ಜಾಗಗಳು ಕೆಲವೇ. ಬೇಸಿಗೆಯಲ್ಲಿ ತುಂಗೆ, ಭದ್ರೆ, ಶರಾವತಿಯ ಪಾತ್ರದಲ್ಲಿ ಬಂಡೆ ತೆರೆದುಕೊಂಡಿರುತ್ತದೆ, ನೀರು ಉಜ್ಜಿ ಉಜ್ಜಿ ಕೊಳೆತ ಭಾಗ ಹೋಗಿರುತ್ತದೆ. ಹೊಸದಾಗಿ ಕಡಿದ ರಸ್ತೆ ಪಕ್ಕ, ಕ್ವಾರಿಯ ತಳ ಕೂಡ ಒಳ್ಳೆಯವು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ತೋಟದ ಬಾವಿ ತೋಡಿ ಹೊರಗೆ ಹಾಕಿದ ಕಲ್ಲಿನ ರಾಶಿ. ಮೂವತ್ತು ನಲವತ್ತು ಅಡಿ ಆಳದ ಕಲ್ಲು ಕೈಗೇ ಬಂದಿರುತ್ತದೆ. ಕೇಳುವ ರೀತಿಯಲ್ಲಿ ಕೇಳಿ. "ಗೌಡ್ರೇ, ಬಾವಿ ತೋಡಿದ ಕಲ್ಲಲ್ಲಿ ಒಂದೆರಡು ನೋಡ್ಕೊಳ್ಲಾ? ಓದೋದಕ್ಕೆ ಬೇಕಿತ್ತು" ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಮಜ್ಜಿಗೆಯನ್ನೂ ಕೊಡುತ್ತಾರೆ. ಸುತ್ತಿಗೆ ಹಿಡಿದು ಸುಮ್ನೆ ಬೇಲಿ ದಾಟಿದರೆ ಮಾತ್ರ ಗಣಿಯವರು ಬಂದರು ಅಂತ ಊರೇ ಸೇರುತ್ತದೆ. ಆ ಹೆದರಿಕೆಗೆ ಕಾರಣವೂ ಇದೆ ಬಿಡಿ.

ಕೆಲವು ಕಡೆ ಕಲ್ಲು ಮುಟ್ಟಲೇಬಾರದು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಸೋಮೇಶ್ವರ ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಬರಹದ ಅನುಮತಿ ಇಲ್ಲದೆ ಒಂದು ಚೂರೂ ತರುವಂತಿಲ್ಲ. ದೇವಸ್ಥಾನದ ಕಲ್ಲಂತೂ ಸರಿಯೇ ಸರಿ. ಬಳ್ಳಿಗಾವಿಯ ಕೇದಾರೇಶ್ವರ ಗುಡಿ ಬಳಪದ ಕಲ್ಲಿನದು. ಬಳಪದ ಕಲ್ಲು ಅಂದರೆ ಟಾಲ್ಕ್, ಕ್ಲೋರೈಟ್, ಎರಡೂ ನೀರು ಹಿಡಿದ ಖನಿಜ. ಕಣ್ಣಲ್ಲಿ ನೋಡಿ, ಬೆರಳಲ್ಲಿ ಸವರಿ, ಅಷ್ಟು ಸಾಕು.

ಹೋಗುವ ಕಾಲ ಡಿಸೆಂಬರ್‌ನಿಂದ ಮೇ. ಮಳೆಗಾಲದಲ್ಲಿ ಪಾಚಿ, ಉಂಬಳ, ಜಾರುಬಂಡೆ. ಬೇಸಿಗೆಯಲ್ಲೂ ಗಾಜನೂರು, ಲಕ್ಕವಳ್ಳಿ, ಲಿಂಗನಮಕ್ಕಿ ಅಣೆಕಟ್ಟುಗಳ ಕೆಳಗೆ ಹೊಳೆಗೆ ಇಳಿಯುವ ಮೊದಲು ನೀರು ಬಿಡುತ್ತಾರಾ ಅಂತ ವಿಚಾರಿಸಿ.

ಹಸಿ ಕಲ್ಲು ಹೌದೋ ಅಲ್ಲವೋ ತಿಳಿಯಲು ಸುತ್ತಿಗೆಯಿಂದ ಒಂದು ಏಟು ಹಾಕಿ. ಹಸಿ ಕಲ್ಲು ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಒಡೆದ ಮುಖದಲ್ಲಿ ಕಂದು ತುಕ್ಕಿನ ಗೆರೆ ಇರಬಾರದು. ಮುಷ್ಟಿ ಗಾತ್ರದ ಎರಡು ತುಂಡು ಸಾಕು. ಕೀಳುವ ಮೊದಲು ಬಂಡೆಯ ಮೇಲೆ ಮಾರ್ಕರಿನಿಂದ ಉತ್ತರ ದಿಕ್ಕಿನ ಬಾಣ ಮತ್ತು ಮೇಲ್ಮುಖ ಯಾವುದು ಅಂತ ಗುರುತು ಹಾಕಿ. ಆಮೇಲೆ ಹಾಕಲು ಆಗುವುದಿಲ್ಲ.

ಹಂತ 2: ಕೈ ಲೆನ್ಸ್ ಕೆಲಸ

ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್, ಕಬ್ಬಿಣದ ಮೊಳೆ, ಅಯಸ್ಕಾಂತ, ಸಣ್ಣ ಬಾಟಲಿಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಇಷ್ಟೇ ಸಾಮಾನು. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಕಲ್ಲನ್ನು ಹತ್ತಿರ ತನ್ನಿ. ಕಲ್ಲಿನ ಹತ್ತಿರ ಲೆನ್ಸ್ ಹಿಡಿದು ದೂರದಿಂದ ಬಗ್ಗಿ ನೋಡಿದರೆ ಏನೂ ಕಾಣದು.

ಮೊದಲು ನೀರಿರುವ ಖನಿಜ ಹುಡುಕಿ. ಮಂಕು ಹಸಿರು, ಉಗುರಿನಿಂದ ಗೀರಿದರೂ ಬೀಳುವ, ಬಗ್ಗಿಸಿದರೆ ವಾಪಸ್ ನೆಟ್ಟಗಾಗದ ಹಾಳೆ ಹಾಳೆ ಅಂದರೆ ಕ್ಲೋರೈಟ್. ಅದರ ತೂಕದಲ್ಲಿ ನೂರಕ್ಕೆ ಸುಮಾರು 12 ಪಾಲು ನೀರು. ಹೊಳೆಯುವ ಕಾಗೆಬಂಗಾರದಲ್ಲಿ ಸುಮಾರು 4. ಸೋಪಿನಂತೆ ಜಾರುವ ಟಾಲ್ಕ್‌ನಲ್ಲಿ 4.7. ಕಪ್ಪು ಹಸಿರಿನ ಉದ್ದ ಕಡ್ಡಿ ಹಾರ್ನ್‌ಬ್ಲೆಂಡ್, ಅದರಲ್ಲಿ ಬರೀ 2. ಬೆಣಚುಕಲ್ಲು, ಗಾರ್ನೆಟ್‌ಗಳ ಸೂತ್ರದಲ್ಲಿ ನೀರೇ ಇಲ್ಲ.

ಗಾರ್ನೆಟ್ ಗುರುತಿಸುವುದು ಸುಲಭ. ಕೆಂಪು ಕಂದು ಬಣ್ಣ, ಗುಂಡಗೆ ಅಥವಾ ಹನ್ನೆರಡು ಮುಖದ ಹರಳು, ಮೊಳೆಯಿಂದ ಗೀರಲಾಗದು, ಕಾಗೆಬಂಗಾರದ ಪದರಗಳು ಅದನ್ನು ಸುತ್ತಿಕೊಂಡು ಬಾಗಿರುತ್ತವೆ. ಸಾಸಿವೆ ಗಾತ್ರದಿಂದ ಅಡಿಕೆ ಗಾತ್ರದವರೆಗೂ ಇರಬಹುದು. ದೊಡ್ಡದು ಸಿಕ್ಕಿತು ಅಂತ ಹಿಗ್ಗಬೇಡಿ. ಒಳಹರಳು ನೋಡಲು 3 ರಿಂದ 5 ಮಿಲಿಮೀಟರಿನ, ಬಿರುಕಿಲ್ಲದ ಗಾರ್ನೆಟ್ಟೇ ಒಳ್ಳೆಯದು.

ಕಯನೈಟ್ ಸಿಕ್ಕರೆ ಒಂದು ಚಂದದ ಪರೀಕ್ಷೆ ಇದೆ. ತಿಳಿ ನೀಲಿಯ ಚಪ್ಪಟೆ ಪಟ್ಟಿಯಂಥ ಹರಳು ಅದು. ಉದ್ದಕ್ಕೆ ಚಾಕು ಎಳೆದರೆ ಗೀರು ಬೀಳುತ್ತದೆ. ಅಡ್ಡಕ್ಕೆ ಎಳೆದರೆ ಬೀಳುವುದಿಲ್ಲ. ಒಂದೇ ಹರಳು, ಎರಡು ಗಟ್ಟಿತನ! 500 ಡಿಗ್ರಿ ಆಸುಪಾಸಿನಲ್ಲಿ ಬೆಳೆದ ಬಂಡೆಯಲ್ಲಿ ಕಯನೈಟ್ ಇದ್ದರೆ ಅದು ಕನಿಷ್ಠ 14 ಕಿಲೋಮೀಟರ್ ಆಳ ಕಂಡಿದೆ ಅಂತ ಲೆಕ್ಕ.

ಹಂತ 3: ನೀರನ್ನು ಕಣ್ಣಾರೆ ನೋಡುವುದು

ಸೂಕ್ಷ್ಮದರ್ಶಕಕ್ಕೆ ಹೋಗುವ ಮೊದಲು ಈ ಪ್ರಯೋಗ ಮಾಡಿ. ಗಟ್ಟಿ ಕಲ್ಲಿನಿಂದ ನೀರು ಬರುವುದನ್ನು ಒಮ್ಮೆ ನೋಡಿದರೆ ಉಳಿದದ್ದೆಲ್ಲ ತಾನಾಗಿ ತಲೆಗೆ ಹೋಗುತ್ತದೆ. ಇದಕ್ಕೆ ಶಿಸ್ಟ್ ಬೇಡ, ಅಂಗಳದ ಜಂಬಿಟ್ಟಿಗೆ ಸಾಕು. ಅದರ ಹಳದಿ ಭಾಗ ಗೋಥೈಟ್ ಎಂಬ ಕಬ್ಬಿಣದ ಖನಿಜ. ತೂಕದಲ್ಲಿ ನೂರಕ್ಕೆ 10 ಪಾಲು ನೀರು ಇಟ್ಟುಕೊಂಡಿದೆ, 300 ಡಿಗ್ರಿ ಹೊತ್ತಿಗೆ ಬಿಟ್ಟುಬಿಡುತ್ತದೆ.

1. ಹಳದಿ ಭಾಗವನ್ನು ಕೆರೆದು ನುಣ್ಣಗೆ ಪುಡಿ ಮಾಡಿ.
2. ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಇಡಿ. ಸುಮ್ನೆ ಅಂಟಿಕೊಂಡ ತೇವ ಹೋಗುತ್ತದೆ. ಈ ಹಂತ ಬಿಟ್ಟರೆ ಪ್ರಯೋಗಕ್ಕೆ ಅರ್ಥವಿಲ್ಲ.
3. ಒಣಗಿದ ಗಾಜಿನ ಪ್ರನಾಳಕ್ಕೆ ಅರ್ಧ ಚಮಚ ಹಾಕಿ. ಬೋರೋಸಿಲಿಕೇಟ್ ಗಾಜೇ ಇರಲಿ.
4. ಪ್ರನಾಳದ ಬಾಯಿ ಸ್ವಲ್ಪ ಕೆಳಮುಖ ಇರುವಂತೆ ಹಿಡಿಕೆಯಲ್ಲಿ ಹಿಡಿದು ಪುಡಿ ಇರುವ ತುದಿಯನ್ನು ಜ್ವಾಲೆಗೆ ಹಿಡಿಯಿರಿ. ಬಾಯಿ ಮೇಲಿದ್ದರೆ ಹನಿ ವಾಪಸ್ ಹರಿದು ಬಿಸಿ ಗಾಜು ಒಡೆಯುತ್ತದೆ. ಕನ್ನಡಕ ಹಾಕಿಕೊಳ್ಳಿ.

ಸ್ವಲ್ಪ ಹೊತ್ತಿಗೆ ಬಾಯಿಯ ಹತ್ತಿರ ಗಾಜು ಮಬ್ಬಾಗುತ್ತದೆ. ಮಬ್ಬು ಸೇರಿ ಸಣ್ಣ ಸಣ್ಣ ಹನಿಯಾಗುತ್ತದೆ. ಅದೇ ಹೊತ್ತಿಗೆ ತಳದ ಹಳದಿ ಪುಡಿ ಅಂಚಿನಿಂದ ಕೆಂಪಾಗುತ್ತಾ ಬರುತ್ತದೆ. ಗೋಥೈಟ್ ನೀರು ಬಿಟ್ಟು ಹೆಮಟೈಟ್ ಆಯಿತು. ಒಂದು ಖನಿಜ ಸತ್ತು ಇನ್ನೊಂದು ಹುಟ್ಟಿತು, ನಡುವೆ ನೀರು ಹೊರಬಂತು. ಆಳದಲ್ಲಿ ಕ್ಲೋರೈಟ್ ಹೋಗಿ ಗಾರ್ನೆಟ್ ಬರುವುದೂ ಇದೇ ಲೆಕ್ಕ.

ಕ್ಲೋರೈಟ್, ಟಾಲ್ಕ್‌ಗಳಿಗೆ ಈ ಬಿಸಿ ಸಾಲದು. ಬಳಪದ ಕಲ್ಲಿನ ಪಾತ್ರೆಯಲ್ಲಿ ವರ್ಷಗಟ್ಟಲೆ ಸಾರು ಕುದಿಸಿದರೂ ಕಲ್ಲು ತನ್ನ ನೀರು ಬಿಡದಿರುವುದು ಅದಕ್ಕೇ. ಇವಕ್ಕೆ ಕಾಲೇಜಿನ ಮಫಲ್ ಕುಲುಮೆ ಬೇಕು. 110 ಡಿಗ್ರಿಯಲ್ಲಿ ಒಣಗಿಸಿದ ಒಂದು ಗ್ರಾಂ ಪುಡಿಯನ್ನು ಪಿಂಗಾಣಿ ಕ್ರೂಸಿಬಲ್‌ನಲ್ಲಿ ತೂಗಿ, 1000 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ತೇವ ಸೇರದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ಆರಿಸಿ ಮತ್ತೆ ತೂಗಿ. 1.000 ಗ್ರಾಂ ಇದ್ದದ್ದು 0.952 ಆದರೆ ನಷ್ಟ 4.8 ಶೇಕಡಾ. ನೂರಕ್ಕೆ 40 ಪಾಲು ಕ್ಲೋರೈಟ್ ಇರುವ ಶಿಸ್ಟ್‌ನಲ್ಲಿ ಇಷ್ಟು ಬರಬೇಕು. ಅಂಥ ಬಂಡೆ ಒಂದು ಘನ ಮೀಟರಿಗೆ ಸುಮಾರು 2800 ಕಿಲೋ ತೂಗುತ್ತದೆ. ಅಂದರೆ ಅದರೊಳಗೆ 134 ಲೀಟರ್ ನೀರು! ಅದೇ ಬಂಡೆ ಮುಂದೆ ಅರ್ಧ ಹಾರ್ನ್‌ಬ್ಲೆಂಡ್ ಇರುವ ಆಂಫಿಬೊಲೈಟ್ ದರ್ಜೆಗೆ ಹೋದರೆ ಉಳಿಯುವುದು 30 ಲೀಟರ್ ಅಷ್ಟೇ.

ಈ ಲೆಕ್ಕ ಹಾಳಾಗುವುದು ಎರಡು ಕಾರಣಕ್ಕೆ. ಕಲ್ಲಿನಲ್ಲಿ ಕಾರ್ಬೊನೇಟ್ ಇದ್ದರೆ ಇಂಗಾಲದ ಡೈಆಕ್ಸೈಡ್ ಕೂಡ ಹಾರಿಹೋಗಿ ನಷ್ಟ ಜಾಸ್ತಿ ತೋರಿಸುತ್ತದೆ. ಆಮ್ಲದ ಹನಿ ಹಾಕಿ ನೊರೆ ಬರುತ್ತಾ ಅಂತ ಮೊದಲೇ ನೋಡಿ, ಪುಡಿ ಮಾಡಿ ಹಾಕಿದರೆ ಇನ್ನೂ ಒಳ್ಳೆಯದು. ಎರಡನೆಯದು ಕಬ್ಬಿಣ. ನಮ್ಮ ಕಡೆಯ ಕಲ್ಲಿನಲ್ಲಿ ಕಬ್ಬಿಣ ಧಾರಾಳ. ಕಾಯಿಸುವಾಗ ಅದು ಗಾಳಿಯ ಆಮ್ಲಜನಕ ಹೀರಿ ತೂಕ ಕೂಡಿಸುತ್ತದೆ, ನಷ್ಟ ಕಡಿಮೆ ತೋರಿಸುತ್ತದೆ. ಕಬ್ಬಿಣದ ಪಟ್ಟೆಕಲ್ಲಿನಲ್ಲಂತೂ ಈ ವಿಧಾನ ಬಳಸಲೇಬೇಡಿ.

ಹಂತ 4: ಥಿನ್ ಸೆಕ್ಷನ್

ಒಳಹರಳು ಕಾಣಲು ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತರಬೇಕು. ಪೇಟೆಯ ಗ್ರಾನೈಟ್ ಕಟಿಂಗ್ ಅಂಗಡಿಯವರು ಬಿಲ್ಲೆ ಕೊಯ್ದುಕೊಡುತ್ತಾರೆ. ನೀರು ಬಿಟ್ಟುಕೊಂಡೇ ಕೊಯ್ಯಲು ಹೇಳಿ, ಒಣ ಕಲ್ಲಿನ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ಪದರಕ್ಕೆ ಅಡ್ಡವಾಗಿ, ಗಾರ್ನೆಟ್‌ನ ಸರಿ ಮಧ್ಯಕ್ಕೆ ಕೊಯ್ತ ಬೀಳಲಿ. ಅಂಚಿನಲ್ಲಿ ಕೊಯ್ದರೆ ಹೊಟ್ಟೆಯ ಹಳೆಯ ಕತೆ ಸಿಗುವುದಿಲ್ಲ.

ಬಿಲ್ಲೆಯ ಒಂದು ಮುಖವನ್ನು ಗಾಜಿನ ಹಲಗೆಯ ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ ಹಾಕಿ ನೀರಿನಲ್ಲಿ ಉಜ್ಜಿ. 220ರ ಪುಡಿ, ಆಮೇಲೆ 400, ಆಮೇಲೆ 600, ಕೊನೆಗೆ 1000. ಪ್ರತಿ ಸಲ ಬದಲಾಯಿಸುವಾಗ ಕಲ್ಲು, ಕೈ, ಹಲಗೆ ಎಲ್ಲ ತೊಳೆಯಿರಿ. ಒಂದೇ ಒಂದು ದಪ್ಪ ಕಣ ಉಳಿದರೂ ಗೀರು ಹಾಕುತ್ತಲೇ ಇರುತ್ತದೆ. ನಯವಾದ ಮುಖವನ್ನು ಎಪಾಕ್ಸಿಯಲ್ಲಿ ಗಾಜಿನ ಸ್ಲೈಡಿಗೆ ಅಂಟಿಸಿ, ಗುಳ್ಳೆ ಇಲ್ಲದಂತೆ ಒತ್ತಿ, ಇಡೀ ರಾತ್ರಿ ಬಿಡಿ. ಮರುದಿನ ಹಿಂಬದಿ ಕೊಯ್ದು ಮತ್ತೆ ಉಜ್ಜಿ.

ದಪ್ಪ ಅಳೆಯುವ ಉಪಕರಣ ಬೇಡ, ಬೆಣಚುಕಲ್ಲೇ ಹೇಳುತ್ತದೆ. ಕಲ್ಲು ನೋಡುವ ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ ಎರಡು ಧ್ರುವಕ ಇರುತ್ತವೆ. ಅವನ್ನು ಒಂದಕ್ಕೊಂದು ಅಡ್ಡ ಇಟ್ಟರೆ ಅಡ್ಡ ಧ್ರುವಕ. ಅವುಗಳ ನಡುವೆ ಬೆಣಚುಕಲ್ಲು ನೀಲಿ, ಕೆಂಪು ಬಣ್ಣ ತೋರಿಸಿದರೆ ಇನ್ನೂ ದಪ್ಪ ಇದೆ. ಹಳದಿಗೆ ಬಂದಾಗ ಕೈ ನಿಧಾನ ಮಾಡಿ. ಬೂದು ಬಿಳಿಗೆ ಬಂದ ಕ್ಷಣ ನಿಲ್ಲಿಸಿ. ಇನ್ನೆರಡು ಸಲ ಉಜ್ಜೋಣ ಅಂದುಕೊಂಡರೆ ಸ್ಲೈಡಿನ ಮೇಲೆ ಏನೂ ಉಳಿಯುವುದಿಲ್ಲ.

ಹಂತ 5: ಗಾರ್ನೆಟ್ ಓದುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಅಡ್ಡ ಧ್ರುವಕ ಹಾಕಿದರೆ ಗಾರ್ನೆಟ್ ಪೂರ್ತಿ ಕಪ್ಪು, ವೇದಿಕೆ ಎಷ್ಟು ತಿರುಗಿಸಿದರೂ ಕಪ್ಪೇ. ಆ ಕಪ್ಪಿನಲ್ಲಿ ಹೊಳೆಯುವ ಚುಕ್ಕೆಗಳೆಲ್ಲ ಒಳಹರಳುಗಳು. ಬೆಣಚುಕಲ್ಲು ಬೂದು ಬಿಳಿ. ಎಪಿಡೋಟ್ ಗಾಢ ಬಣ್ಣದ್ದು. ಇಲ್ಮೆನೈಟ್‌ಗೆ ಬೆಳಕು ಹಾಯುವುದಿಲ್ಲ, ಧ್ರುವಕ ತೆಗೆದರೂ ಕಪ್ಪು. ಕ್ಲೋರೈಟ್ ಮಾಮೂಲಿ ಬೆಳಕಿನಲ್ಲಿ ತಿಳಿ ಹಸಿರು, ಅಡ್ಡ ಧ್ರುವಕದಲ್ಲಿ ಎಷ್ಟೋ ಸಲ ವಿಚಿತ್ರವಾದ ಕಡು ನೀಲಿ ಅಥವಾ ಕಂದು.

ಕಾಗದದ ಮೇಲೆ ಗಾರ್ನೆಟ್‌ನ ದೊಡ್ಡ ಚಿತ್ರ ಬರೆದುಕೊಳ್ಳಿ. ಮೊಬೈಲ್ ಫೋಟೋ ಬೇಡ ಅಂತಲ್ಲ, ಆದರೆ ಕೈಯಲ್ಲಿ ಬರೆಯುವಾಗ ಕಣ್ಣು ಪ್ರತಿಯೊಂದನ್ನೂ ನೋಡಲೇಬೇಕಾಗುತ್ತದೆ. ಒಳಭಾಗ, ನಡುಭಾಗ, ಅಂಚು ಅಂತ ಮೂರು ವಲಯ ಮಾಡಿ, ಯಾವ ಖನಿಜ ಎಲ್ಲಿ ಅಂತ ಗುರುತು ಹಾಕಿ. ಪಕ್ಕದಲ್ಲಿ ಇನ್ನೊಂದು ಪಟ್ಟಿ: ಗಾರ್ನೆಟ್ ಹೊರಗಿನ ಬಂಡೆಯಲ್ಲಿ ಏನೇನಿದೆ.

ಈಗ ಎರಡನ್ನೂ ಹೋಲಿಸಿ. ಒಳಭಾಗದಲ್ಲಿ ಕ್ಲೋರೈಟ್ ಇದೆ, ಹೊರಗೆ ಎಲ್ಲೂ ಇಲ್ಲ ಅನ್ನಿ. ಅಲ್ಲಿಗೆ ಕತೆ ಗೊತ್ತಾಯಿತು. ಒಂದು ಕಾಲಕ್ಕೆ ಈ ಬಂಡೆ ತುಂಬಾ ಕ್ಲೋರೈಟ್ ಇತ್ತು. ಬಿಸಿ ಏರಿದಾಗ ಕ್ಲೋರೈಟ್ ಮತ್ತು ಬೆಣಚುಕಲ್ಲು ಸೇರಿ ಗಾರ್ನೆಟ್ ಆದವು, ನೀರು ಹೊರಟುಹೋಯಿತು. ಗಾರ್ನೆಟ್ ಹೊಟ್ಟೆಯೊಳಗೆ ಸಿಕ್ಕಿಕೊಂಡ ನಾಲ್ಕು ಚೂರು ಮಾತ್ರ ಉಳಿದವು.

ಆದರೆ ಕ್ಲೋರೈಟ್ ಮೋಸ ಮಾಡುವುದರಲ್ಲಿ ಎತ್ತಿದ ಕೈ. ಬಂಡೆ ಮೇಲೆ ಬರುವಾಗ ಗಾರ್ನೆಟ್ ಬಿರಿಯುತ್ತದೆ, ಬಿರುಕಿನಲ್ಲಿ ನೀರು ನುಗ್ಗುತ್ತದೆ, ಗಾರ್ನೆಟ್ಟೇ ಅಲ್ಲಲ್ಲಿ ಮತ್ತೆ ಕ್ಲೋರೈಟ್ ಆಗುತ್ತದೆ. ಅದನ್ನು ಹಳೆಯ ಒಳಹರಳು ಅಂದುಕೊಂಡರೆ ಇತಿಹಾಸ ತಲೆಕೆಳಗಾಗುತ್ತದೆ. ಬಿರುಕು ಮುಟ್ಟಿದ ಯಾವ ಹರಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕೂದಲೆಳೆಯಷ್ಟು ಬಿರುಕೇ ಇರಲಿ, ಬೇಡ. ಸೂಕ್ಷ್ಮದರ್ಶಕದ ಬೆಳಕಿನ ಕಿಂಡಿಯನ್ನು, ಅಂದರೆ ಡಯಾಫ್ರಾಮ್ ಅನ್ನು, ಸ್ವಲ್ಪ ಮುಚ್ಚಿ ನೋಡಿದರೆ ಬಿರುಕುಗಳು ಎದ್ದು ಕಾಣುತ್ತವೆ. ಇಪ್ಪತ್ತು ಒಳಹರಳಿನಲ್ಲಿ ಹದಿನೈದು ಕೈಬಿಟ್ಟರೂ ಬೇಜಾರಿಲ್ಲ. ಉಳಿದ ಐದು ನಂಬುವಂಥವು.

ಒಳಹರಳುಗಳ ಸಾಲು ಹೇಗಿದೆ ಅಂತಲೂ ನೋಡಿ. ಸಾಲು ನೆಟ್ಟಗಿದ್ದು ಹೊರಗಿನ ಪದರಕ್ಕೆ ಬೇರೆ ಕೋನದಲ್ಲಿದ್ದರೆ ಗಾರ್ನೆಟ್ ಬೆಳೆದ ಮೇಲೆ ಬಂಡೆ ಮತ್ತೆ ಮಡಚಿದೆ. ಸಾಲು ಸುರುಳಿಯಾಗಿದ್ದರೆ ಬೆಳೆಯುವಾಗಲೇ ಬಂಡೆ ಜಾರುತ್ತಿತ್ತು. ಮೊದಲೇ ಹಾಕಿದ ಉತ್ತರದ ಬಾಣ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಂತ 6: ಬೆಣಚುಕಲ್ಲಿನ ಗುಳ್ಳೆ

ಕೆಲವು ಕಡೆ ಹೊರಟ ನೀರೇ ಸಿಕ್ಕಿಬೀಳುತ್ತದೆ. ಶಿಸ್ಟ್ ನಡುವೆ ಬಿಳಿ ಬೆಣಚುಕಲ್ಲಿನ ಎಳೆ ಕಂಡಿರುತ್ತೀರಿ. ಆ ಎಳೆಯ ಹರಳಿನೊಳಗೆ ಮೈಕ್ರಾನ್ ಲೆಕ್ಕದ ಗುಂಡಿಗಳಲ್ಲಿ ದ್ರವ, ದ್ರವದೊಳಗೆ ಗುಳ್ಳೆ. ಮಾಮೂಲಿ ಥಿನ್ ಸೆಕ್ಷನ್ ಇದಕ್ಕೆ ತೀರಾ ತೆಳು. ಎರಡೂ ಮುಖ ಪಾಲಿಷ್ ಮಾಡಿದ 0.1 ರಿಂದ 0.2 ಮಿಲಿಮೀಟರಿನ ಬಿಲ್ಲೆ ಬೇಕು, ಕಾಯಿಸಿ ಅಂಟಿಸಬಾರದು.

ಧಾರವಾಡದ ಶಿಸ್ಟ್ ಪಟ್ಟಿಗಳ ಚಿನ್ನದ ಎಳೆಗಳಲ್ಲಿ, ಕೋಲಾರ, ಹಟ್ಟಿ ಕಡೆ, ಈ ದ್ರವ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಸೇರಿದ್ದು. ಒಂದು ಮಜಾ ಕೇಳಿ. ಇಂಗಾಲದ ಡೈಆಕ್ಸೈಡ್ 31.1 ಡಿಗ್ರಿ ದಾಟಿದರೆ ದ್ರವ, ಅನಿಲ ಅನ್ನುವ ಭೇದವೇ ಇರುವುದಿಲ್ಲ, ಒಳಗಿನ ಗುಳ್ಳೆ ಮಾಯ. ಏಪ್ರಿಲ್ ಮಧ್ಯಾಹ್ನ ಫ್ಯಾನಿಲ್ಲದ ಲ್ಯಾಬಿನಲ್ಲಿ ಕೂತು ಗುಳ್ಳೆ ಇಲ್ಲ ಅಂತ ಬರೆದುಕೊಂಡರೆ ತಪ್ಪಾಗುತ್ತದೆ. ಬೆಳಿಗ್ಗೆ ತಂಪು ಹೊತ್ತಲ್ಲಿ ನೋಡಿ. ಗುಳ್ಳೆ ಕಂಡರೆ ಸ್ಲೈಡಿನ ಹತ್ತಿರ ಬೆಚ್ಚಗಿನ ಬೆರಳು ಹಿಡಿಯಿರಿ. ಮಾಯವಾಗಿ, ಬೆರಳು ತೆಗೆದಾಗ ಮತ್ತೆ ಬಂದರೆ ಒಳಗಿರುವುದು ಇಂಗಾಲದ ಡೈಆಕ್ಸೈಡ್ ಅಂತ ನಂಬಬಹುದು.

ಇಲ್ಲೂ ಬಿರುಕಿನ ನಿಯಮವೇ. ಹರಳಿನ ಅಂಚಿನಿಂದ ಅಂಚಿಗೆ ಸಾಲಾಗಿ ಹೋದ ಗುಳ್ಳೆಗಳು ಆಮೇಲೆ ಮುಚ್ಚಿದ ಬಿರುಕಿನವು. ಹರಳಿನ ನಡುವೆ ಒಂಟಿಯಾಗಿ ಕೂತವೇ ಹಳೆಯವು.

ಹಂತ 7: ಲಡಾಖಿನ ಕಲ್ಲಿಗೆ ಅದೇ ಕಣ್ಣು

ಈಗ ಅತಿ ಒತ್ತಡದ ಬಂಡೆ. ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಜಾಗ ಲಡಾಖಿನ ತ್ಸೋ ಮೊರಾರಿ. ಭಾರತದ ಅಂಚು ಏಷ್ಯಾದ ಅಡಿಗೆ ನುಗ್ಗಿದಾಗ, ಸುಮಾರು 5 ಕೋಟಿ ವರ್ಷದ ಹಿಂದೆ, ಅಲ್ಲಿನ ಬಸಾಲ್ಟ್ ತರಹದ ಬಂಡೆ ಎಕ್ಲೋಗೈಟ್ ಆಯಿತು. ಕೆಂಪು ಗಾರ್ನೆಟ್, ಓಂಫಸೈಟ್ ಎಂಬ ಹಸಿರು ಖನಿಜ. ಅದರ ಗಾರ್ನೆಟ್‌ನೊಳಗೆ ಕೋಯಸೈಟ್ ಇರುವುದನ್ನು ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು 2001ರಲ್ಲಿ ವರದಿ ಮಾಡಿದರು.

ಕೋಯಸೈಟ್ ಬೆಣಚುಕಲ್ಲಿನದೇ ಇನ್ನೊಂದು ರೂಪ. 1953ರಲ್ಲಿ ಲೋರಿಂಗ್ ಕೋಸ್ ಅದನ್ನು ಪ್ರಯೋಗಾಲಯದಲ್ಲಿ ಮಾಡಿದ್ದರು. ಭೂಮಿಯ ಆಳದಿಂದ ಬಂದ ರೂಪಾಂತರ ಶಿಲೆಯಲ್ಲಿ ಅದು ಸಿಕ್ಕಿದ್ದು 1984ರಲ್ಲಿ, ಆಲ್ಪ್ಸ್‌ನ ಡೋರಾ ಮೈರಾದಲ್ಲಿ ಮತ್ತು ನಾರ್ವೆಯಲ್ಲಿ. ಅದು ಹುಟ್ಟಲು ಸುಮಾರು 2.7 ಜಿಗಾಪಾಸ್ಕಲ್ ಒತ್ತಡ ಬೇಕು, ಅಂದರೆ 90 ಕಿಲೋಮೀಟರಿಗಿಂತ ಜಾಸ್ತಿ ಆಳ. ಮೇಲಕ್ಕೆ ಬರುವಾಗ ಅದು ಮತ್ತೆ ಬೆಣಚುಕಲ್ಲಾಗಲು ನೋಡುತ್ತದೆ. ಆಗ ಗಾತ್ರ ನೂರಕ್ಕೆ ಹತ್ತರಷ್ಟು ಹಿಗ್ಗುತ್ತದೆ. ಗಾರ್ನೆಟ್ ಒಳಗಿನಿಂದಲೇ ಬಿರಿಯುತ್ತದೆ. ಸ್ಲೈಡಿನಲ್ಲಿ ಒಳಹರಳಿನಿಂದ ಎಲ್ಲ ದಿಕ್ಕಿಗೂ ಹೊರಟ ಬಿರುಕುಗಳು ಕಂಡರೆ ಅಲ್ಲಿ ಲೆನ್ಸ್ ನಿಲ್ಲಿಸಿ. ಬಿರುಕು ಮುಟ್ಟಿದ್ದು ಬೇಡ ಅಂದಿದ್ದೆನಲ್ವಾ? ಇದು ಅದಕ್ಕೆ ಹೊರತು. ಇಲ್ಲಿ ಬಿರುಕೇ ಸಾಕ್ಷಿ. ಆದರೂ ಬಿರುಕು ಮಾತ್ರ ನೋಡಿ ಕೋಯಸೈಟ್ ಇತ್ತು ಅಂತ ತೀರ್ಪು ಕೊಡಬಾರದು, ಲೇಸರ್ ಬೆಳಕು ಹಾಯಿಸಿ ಖನಿಜ ಗುರುತಿಸುವ ರಾಮನ್ ಪರೀಕ್ಷೆ ಆಗಲೇಬೇಕು.

ನೀರಿನ ಕತೆಗೆ ಬೇಕಾದ ಒಳಹರಳು ಇನ್ನೊಂದು, ಲಾಸೊನೈಟ್. ತಣ್ಣಗೆ ಇಳಿಯುವ ಬಂಡೆಯಲ್ಲಿ ಹುಟ್ಟುತ್ತದೆ, ತೂಕದ 11.5 ಶೇಕಡಾ ನೀರು ಹೊತ್ತುಕೊಂಡು ಆಳಕ್ಕೆ ಹೋಗುತ್ತದೆ. ಅದು ಹಾಗೇ ಉಳಿದಿರುವುದು ಅಪರೂಪ. ಅದು ಇದ್ದ ಜಾಗದಲ್ಲಿ ಆಯತಾಕಾರದ ಚೌಕಟ್ಟು ಮಾತ್ರ ಉಳಿದಿರುತ್ತದೆ, ಚೌಕಟ್ಟಿನ ತುಂಬ ಎಪಿಡೋಟ್ ಜಾತಿಯ ಹರಳು ಮತ್ತು ಬಿಳಿ ಕಾಗೆಬಂಗಾರ. ಅಂಥ ಚೌಕಟ್ಟು ಸಿಕ್ಕರೆ ಅಳತೆ ಹಾಕಿಕೊಳ್ಳಿ, ಒಂದು ಗಾರ್ನೆಟ್‌ನಲ್ಲಿ ಎಷ್ಟಿವೆ ಎಣಿಸಿ. ಹೋದ ನೀರಿನ ಅಂದಾಜು ಅಲ್ಲಿಂದಲೇ ಶುರು.

ಹೀಗೆ ಹೊರಟ ನೀರು ತನ್ನ ಮೇಲಿರುವ, ಭೂಮಿಯ ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಬೆರೆತ ಮ್ಯಾಂಟಲ್ ಕಡಿಮೆ ಬಿಸಿಗೇ ಕರಗುತ್ತದೆ, ಮೇಲೆ ಜ್ವಾಲಾಮುಖಿ ಏಳುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದ ಬೆಂಕಿ ಹಿಂದೆಯೂ ಇದೇ ಇದೆ.

ಎಲ್ಲ ನೀರೂ ಹೋಗುವುದಿಲ್ಲ. ಸೂತ್ರದಲ್ಲಿ ನೀರೇ ಇಲ್ಲದ ಗಾರ್ನೆಟ್, ಓಂಫಸೈಟ್‌ಗಳಲ್ಲೂ ಹರಳಿನ ಸಣ್ಣ ದೋಷಗಳಲ್ಲಿ ಹೈಡ್ರೋಜನ್ ಸೇರಿಕೊಂಡಿರುತ್ತದೆ, ಹತ್ತು ಲಕ್ಷಕ್ಕೆ ಹತ್ತಾರು ಪಾಲಿನಿಂದ ಸಾವಿರ ಪಾಲಿನವರೆಗೂ. ಬಂಡೆಗೆ ಸರಾಸರಿ ಹತ್ತು ಲಕ್ಷಕ್ಕೆ 500 ಪಾಲು ಅಂತ ಹಿಡಿದರೂ ಘನ ಮೀಟರಿಗೆ 3500 ಕಿಲೋ ತೂಗುವ ಎಕ್ಲೋಗೈಟ್‌ನಲ್ಲಿ 1.75 ಲೀಟರ್. 134 ಲೀಟರ್ ಮುಂದೆ ಇದೇನು ಅನ್ನಿಸಬಹುದು. ಆದರೆ ಈ ನೀರು ಇನ್ನೂ ಆಳಕ್ಕೆ ಹೋಗಬಲ್ಲದು. 2014ರಲ್ಲಿ ಬ್ರೆಜಿಲಿನ ಜುಯಿನಾದ ವಜ್ರವೊಂದರೊಳಗೆ ರಿಂಗ್‌ವುಡೈಟ್ ಎಂಬ ಒಳಹರಳು ಸಿಕ್ಕಿತು. ಸುಮಾರು 520ರಿಂದ 660 ಕಿಲೋಮೀಟರ್ ಆಳದ ಖನಿಜ ಅದು, ತೂಕದಲ್ಲಿ ಒಂದು ಶೇಕಡಾಕ್ಕಿಂತ ಹೆಚ್ಚು ನೀರು ಅದರಲ್ಲಿತ್ತು.

ಹಂತ 8: ದೊಡ್ಡ ಯಂತ್ರಕ್ಕೆ ಕಳಿಸುವ ಮೊದಲು

ರಾಮನ್ ಯಂತ್ರ ಒಳಹರಳು ಯಾವುದು ಅಂತ ಹೇಳುತ್ತದೆ. ಈ ಹಂತದಲ್ಲಿ ಬರುವ ಗೆರೆಗಳ ಅಂಕಿಗಳೆಲ್ಲ ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕ. ಬೆಣಚುಕಲ್ಲಿನ ಗೆರೆ 464ರಲ್ಲಿ, ಕೋಯಸೈಟ್‌ನದು 521ರಲ್ಲಿ. ಗಾರ್ನೆಟ್ ಒಳಗೆ ಇನ್ನೂ ಹಿಂಡಿಸಿಕೊಂಡೇ ಇರುವ ಬೆಣಚುಕಲ್ಲಿನ ಗೆರೆ 464ಕ್ಕಿಂತ ಸ್ವಲ್ಪ ಮೇಲೆ ಜರುಗಿರುತ್ತದೆ, ಪ್ರತಿ ಜಿಗಾಪಾಸ್ಕಲ್‌ಗೆ ಸುಮಾರು 9ರಷ್ಟು. ಅದರಿಂದ ಹಳೆಯ ಒತ್ತಡ ಲೆಕ್ಕ ಹಾಕಬಹುದು. ಹಾಸನದ ಕಡೆಯ ಗಾರ್ನೆಟ್‌ಗೂ ಇದನ್ನು ಪ್ರಯತ್ನಿಸಬಹುದು, ಲಡಾಖೇ ಬೇಕಿಲ್ಲ. ಆದರೆ ಆರಿಸಿದ ಹರಳು ಬಿಲ್ಲೆಯ ಮೇಲ್ಮೈಯಿಂದ, ಬೇರೆ ಒಳಹರಳುಗಳಿಂದ ತನ್ನ ಅಗಲದ ಎರಡು ಮೂರು ಪಟ್ಟು ದೂರ ಇರಬೇಕು. ಮೇಲ್ಮೈಗೆ ಬಂದರೆ ಒತ್ತಡ ಬಿಟ್ಟುಹೋಗಿರುತ್ತದೆ.

ಹರಳಿನ ದೋಷಗಳಲ್ಲಿರುವ ಅತಿ ಸಣ್ಣ ಪ್ರಮಾಣದ ನೀರಿಗೆ ಇನ್‌ಫ್ರಾರೆಡ್ ಯಂತ್ರ. ಎರಡೂ ಮುಖ ಪಾಲಿಷ್ ಆದ, ಗಾಜಿನಿಂದ ಬಿಡಿಸಿದ ಬಿಲ್ಲೆ ಕೊಡಿ. ಅಂಟು ಉಳಿದಿದ್ದರೆ 2900ರ ಆಸುಪಾಸಿನಲ್ಲಿ ಅದರದೇ ಗೆರೆ ಬರುತ್ತದೆ, ಅಸಿಟೋನ್‌ನಲ್ಲಿ ಚೆನ್ನಾಗಿ ನೆನೆಸಿ ತೊಳೆಯಿರಿ. ಹರಳಿನಲ್ಲಿ ಕಟ್ಟಿಕೊಂಡ ನೀರು 3500, 3600ರ ಹತ್ತಿರ ಚೂಪು ಗೆರೆ ಕೊಡುತ್ತದೆ. 3400ರಲ್ಲಿ ಅಗಲವಾದ ದಿಬ್ಬ ಬಂದರೆ ಅದು ಗುಳ್ಳೆಯ ನೀರು, ಜಾಗ ಬದಲಾಯಿಸಲು ಹೇಳಿ. ಬಿಲ್ಲೆಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಟ್ಟಿರಿ, ಇಲ್ಲದಿದ್ದರೆ ಗೆರೆಯಿಂದ ಪ್ರಮಾಣ ತೆಗೆಯಲಾಗದು.

ಕಳಿಸುವ ಪೊಟ್ಟಣದಲ್ಲಿ ಬಿಲ್ಲೆಯ ಜೊತೆ ಗಾರ್ನೆಟ್‌ನ ಕೈಬರಹದ ಚಿತ್ರ ಇಡಿ. ಯಾವ ಒಳಹರಳು ನೋಡಬೇಕು ಅಂತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 1, 2, 3 ಅಂತ ನಂಬರ್ ಕೊಡಿ. ಯಂತ್ರದ ಸಮಯಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು, ಹುಡುಕುವುದರಲ್ಲೇ ಅದು ಮುಗಿಯಬಾರದು. ಕಲ್ಲು ಸಿಕ್ಕ ಊರು, ಜಿಪಿಎಸ್, ಬಾವಿಯದೋ ಹೊಳೆಯದೋ, ಎಷ್ಟು ಆಳದ್ದು ಅನ್ನುವುದನ್ನು ಚೀಟಿಯಲ್ಲಿ ಬರೆಯಿರಿ. ಕಲ್ಲಿನ ಇನ್ನರ್ಧ ತುಂಡನ್ನು ಪುಡಿ ಮಾಡದೆ ಮನೆಯಲ್ಲೇ ಇಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಇನ್ನೊಂದು ಕೊಯ್ತ ಬೇಕು ಅನ್ನಿಸುವುದು ಗ್ಯಾರಂಟಿ.